ಬದುವಿನಾಚೆ ನೆಟ್ಟ ಅಗಸೆ

ಹಂಗಳದಲ್ಲಿ ಯಾರ ತೋಟದ ಎಳೆ ಸಸಿ ಬಾಡಿದರೂ ಸುಂದ್ರಮ್ಮನಿಗೆ ಕರೆ ಬರುತ್ತಿತ್ತು. ಎಲ್ಲರೂ ತೆಂಗಿನ ಗರಿಯನ್ನು ಸಸಿಯ ನೆತ್ತಿಗೆ ಕಟ್ಟಿದರೆ ಅವಳು ಪಡುವಣಕ್ಕೆ ಓರೆಯಾಗಿ ನೆಡುತ್ತಿದ್ದಳು. ಬೆಳಗಿನ ಬಿಸಿಲು ಸಸಿಗೆ ಊಟ, ಮಧ್ಯಾಹ್ನದ್ದು ಬರೆ ಎನ್ನುವಳು. ಇಪ್ಪತ್ತು ವರ್ಷ ಕಂಡವರ ಸಸಿಗೆ ನೆರಳು ಕಟ್ಟಿದವಳು ಕಡೆಗೊಮ್ಮೆ ತನ್ನದೇ ಅರ್ಧ ಎಕರೆಯಲ್ಲಿ ನಲವತ್ತು ಬಟರ್ ಫ್ರೂಟ್ ಸಸಿ ಇಡಲು ಹೊರಟಳು. ಜೀವಮಾನದಲ್ಲಿ ಅವಳು ತನಗಾಗಿ ಬಯಸಿದ್ದು ಅದೊಂದೇ.

ಬಿಸಿಲಿಗೆ ಗರಿ ಸಾಕು, ಆಷಾಢದ ಗಾಳಿಗೆ ಸಾಲದು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ನುಗ್ಗುವ ಗಾಳಿ ಎಳೆ ಕಾಂಡವನ್ನು ಲಟಕ್ಕನೆ ಮುರಿಯುತ್ತದೆ. ತಡೆಗೆ ಅಗಸೆ ಮರದ ಸಾಲು ಬೇಕು. ತನ್ನ ಕಡೆ ನೆಟ್ಟರೆ ಒಂದು ಸಾಲು ಸಸಿಯ ಜಾಗ ಹೋಗುತ್ತದಲ್ಲ ಎಂದು ಅವಳು ಯೋಚಿಸುತ್ತಿದ್ದಾಗ ಪಡುವಣಕ್ಕಿದ್ದ ಪಕ್ಕದ ಹೊಲದ ಮಹಾಲಿಂಗನೇ ಬಂದು, "ನನ್ ಕಡೀಕೇ ನೆಡಕ್ಕ. ಬದು ಯಾರ್ದಾದ್ರೇನು, ನಾನೇನ್ ಬೇರೆಯವ್ನಾ?" ಎಂದ. ಒಡಹುಟ್ಟಿದವನಲ್ಲ, ಆದರೆ ತಾಯಿ ಸತ್ತ ಮೇಲೆ ಅವನು ಉಂಡು ಬೆಳೆದದ್ದು ಸುಂದ್ರಮ್ಮನ ಒಲೆಯ ಮುದ್ದೆ. ಹಿಂದುಮುಂದು ನೋಡದೆ ಅವನ ಮಣ್ಣಿನಲ್ಲೇ ನೆಟ್ಟಳು. ಪೆದ್ದಿ, ಪೂರಾ ಪೆದ್ದಿ.

ಅಗಸೆ ಎತ್ತರಕ್ಕೆ ಬಂದ ಮೇಲೆ ಸಸಿ ಇಟ್ಟಳು. ಮುಂದಿನ ಬೇಸಿಗೆಯಲ್ಲಿ ಬೋರ್ ಕೈಕೊಟ್ಟಾಗ ಬಿಂದಿಗೆಯಲ್ಲಿ ನೀರು ಹೊತ್ತು ಮೊದಲು ಅಗಸೆಗೆ, ಆಮೇಲೆ ಸಸಿಗೆ ಹಾಕಿದಳು. ಮಹಾಲಿಂಗ ಬದುವಿನ ಮೇಲೆ ಕೂತು ಅವಳು ತಂದ ಟೀ ಕುಡಿಯುತ್ತ, "ಚೆನ್ನಾಗ್ ಬಂದವೆ ಕಣಕ್ಕ" ಎನ್ನುತ್ತಿದ್ದ.

ಮೇ ತಿಂಗಳ ಒಂದು ಬೆಳಿಗ್ಗೆ ಬಂದು ನೋಡಿದರೆ ಅಗಸೆಯ ಸಾಲಿಗೆ ಸಾಲೇ ನೆಲಕ್ಕೆ ಬಿದ್ದಿತ್ತು. ಆಚೆ ಟ್ರ್ಯಾಕ್ಟರ್ ಶುಂಠಿಗೆ ಮಡಿ ಎತ್ತುತ್ತಿತ್ತು.

"ಹೊಲಾನ ಶುಂಠಿಯವ್ರಿಗೆ ಗುತ್ತಿಗೆ ಕೊಟ್ಬುಟ್ಟೆ," ಎಂದ ಮಹಾಲಿಂಗ, ಅವಳ ಮುಖ ನೋಡದೆ. "ನೆರಳು ಬೀಳ್ಬಾರ್ದು ಅಂದ್ರು. ಸೊಪ್ಪು ಹೊತ್ಕೊಂಡೋಗಕ್ಕ, ನಿನ್ ಮೇಕೆಗಾಯ್ತದೆ."

"ಯಾವಾಗ ಮಾತಾಡ್ದೆ?"

"ಸಂಕ್ರಾಂತೀಲಿ."

ಅಂದರೆ ಬೇಸಿಗೆಯಿಡೀ ಅವಳು ಸೊಂಟ ಮುರಿದು ನೀರು ಹೊತ್ತದ್ದು ಅವನು ಕಡಿಯಲಿದ್ದ ಮರಕ್ಕೆ. ಅದು ಗೊತ್ತಿದ್ದೂ ಅವನು ಸುಮ್ಮನೆ ಕೂತು ನೋಡಿದ್ದ.

"ಆಗ್ಲೇ ಒಂದ್ ಮಾತ್ ಯೋಳಿದ್ರೆ ನನ್ ಕಡೀಕೆ ನೆಟ್ಕೊತಿದ್ದೆ. ಗಾಳಿ ಬರಾ ಹೊತ್ಗೆ ಆಳುದ್ದ ಆಗೋದು."

"ಯೋಳಕ್ಕೆ ಬಾಯಿ ಬರ್ನಿಲ್ಲ ಕಣಕ್ಕ."

"ಟೀ ಕುಡ್ಯಕ್ಕೆ ಬತ್ತಿತ್ತಾ?"

ಅವನು ಟ್ರ್ಯಾಕ್ಟರ್ ಕಡೆ ನಡೆದ.

ಆಷಾಢದ ಗಾಳಿಗೆ ಇಪ್ಪತ್ತೊಂಬತ್ತು ಸಸಿ ಮುರಿದವು. ಪಡುವಣದ ಸಾಲಿನಲ್ಲಿ ಒಂದೂ ಉಳಿಯಲಿಲ್ಲ. ಆ ಗುಂಡಿಗಳಿಗೆ ಅವಳು ಅಗಸೆ ಬೀಜ ಹಾಕಿದಳು. ಉಳಿದ ಹನ್ನೊಂದು ಸಸಿಗೆ ಹಳೇ ಸೀರೆ ಹರಿದು ಗೂಟಕ್ಕೆ ಬಿಗಿಯುತ್ತಿದ್ದಾಗ ಮಹಾಲಿಂಗ ಬದು ದಾಟಿ ಬಂದು ಗೂಟ ಹಿಡಿದುಕೊಂಡ. ಸುಂದ್ರಮ್ಮ ಬೈಯಲಿಲ್ಲ. ಅವನ ಬೆರಳನ್ನು ಒಂದೊಂದಾಗಿ ಬಿಡಿಸಿದಳು.

"ಆಚೆ ಕಡೀಕೆ ಓಗಿ ನಿಂತ್ಕೊಳಪ್ಪ," ಎಂದಳು. "ಇದು ನನ್ ಜಮೀನು."