ಬಂಗುಡೆ ಸುತ್ತಿದ ಬೀಜಗಣಿತ

ಬೆಳಿಗ್ಗೆಯಿಂದ ಹೊಟ್ಟೆಕಿಚ್ಚು ಇಳಿಯುತ್ತಲೇ ಇಲ್ಲ ಗೆಳತಿಯರೇ! ಮನೆಬಾಗಿಲಿಗೆ ಮೀನು ತರುವ ಕೇಣಿ ಊರಿನ ದೇವಕ್ಕನ ಮಗಳಿಗೆ ಹತ್ತನೇ ಕ್ಲಾಸಿನ ಬೀಜಗಣಿತದ ಟೆಸ್ಟಿನಲ್ಲಿ ಪೂರ್ತಿ ಮಾರ್ಕು. ಅದೇ ಕ್ಲಾಸಿನ ನನ್ನ ಮಗ ಎರಡೆರಡು ಟ್ಯೂಷನ್‌ಗೆ ಹೋಗಿಯೂ ಫೇಲು.

"ಅವಳಿಗೆ ಯಾರು ಹೇಳಿಕೊಡೋದು ದೇವಕ್ಕ?" ಅಂದೆ, ನಗುನಗುತ್ತಲೇ.

"ಯಾರೂ ಇಲ್ರಾ ಬಾಯೋರೆ. ಮೀನು ಕಟ್ಟೂಕೆ ಅಂತ ನಿಮ್ಮ ಹುಡುಗನ ಹಳೇ ಟ್ಯೂಷನ್ ನೋಟ್‌ಬುಕ್ ಕೊಡ್ತ್ರಲ್ಲ, ಅದ್ರಲ್ಲಿದ್ದ ತಪ್ಪೆಲ್ಲ ತಿದ್ದಿ ತಿದ್ದಿಯೇ ಕಲ್ತಳು."

ಒಳಗೆ ಬಂದು ಬಂಗುಡೆಯ ಪೊಟ್ಟಣ ಬಿಚ್ಚಿದೆ. ಹಾಳೆಯ ಮೇಲೆ ಮಗನ ಅಕ್ಷರದಲ್ಲಿ ವರ್ಗ ಸಮೀಕರಣ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ, ದುಂಡಗೆ: "ಇಲ್ಲಿ ಮೈನಸ್ ಬರಬೇಕು."

ಹಾಳೆಯನ್ನು ಹಗ್ಗಕ್ಕೆ ಒಣಹಾಕಿದ್ದೇನೆ. ನಾಳೆಯಿಂದ ಎರಡೂ ಟ್ಯೂಷನ್ ಬಂದ್, ದಿನಾ ಮೀನು!