ಕೋಡಿಗೆ ಕಟ್ಟಿದ ಸೊಳ್ಳೆ ಪರದೆ

ತಿಪ್ಪಣ್ಣ ಕಾಕಾ, ಕೆರೆಯ ಕೋಡಿಗೆ ಅಡ್ಡ ಕಟ್ಟಿದ್ದ ಆ ಸೊಳ್ಳೆ ಪರದೆ ನನ್ನದು. ಆ ತಪ್ಪು ನಿಮ್ಮ ತಲೆಗೆ ಬಂದಾಗಲೂ ನಾನು ಬಾಯಿ ಬಿಡಲಿಲ್ಲ.

ಮುಡಬಿ ಕಡೆಯ ನಮ್ಮ ಕೆರೆಯಲ್ಲಿ ಮೀನು ಹಿಡಿಯುವ ಲೈಸೆನ್ಸ್ ಇದ್ದದ್ದು ನಮ್ಮಿಬ್ಬರಿಗೇ. ಮಳೆಗಾಲದಲ್ಲಿ, ಮೀನು ತತ್ತಿ ಇಡುವಾಗ ಬಲೆ ಹಾಕುವಂತಿಲ್ಲ. ಸಣ್ಣ ಕಣ್ಣಿನ ಬಲೆಯಂತೂ ಎಂದಿಗೂ ಇಲ್ಲ. ಆದರೆ ಹುಮನಾಬಾದಿನ ಗಿರಾಕಿಗಳಿಗೆ ತತ್ತಿ ತುಂಬಿದ ಮೀನೇ ಬೇಕು. ಅಲ್ಲಿನ ಸಂತೆಯಲ್ಲಿ ಬೇರೆಯವರ ಬುಟ್ಟಿಗೆ ನೊಣ ಮುತ್ತುವಾಗ ನನ್ನ ಬುಟ್ಟಿಗೆ ಜನ ಮುತ್ತಲಿ ಎಂಬ ಆಸೆ ನನಗೆ. ಮಗಳ ಬಾಣಂತನಕ್ಕೆ ತಂದ ಪರದೆಯನ್ನೇ ಕಟ್ಟಿದೆ. ತಾಯಿಮೀನು, ಉಗುರಿನಷ್ಟು ಮರಿ — ಎಲ್ಲವನ್ನೂ ಬಾಚಿದೆ.

ಮೀನುಗಾರಿಕೆ ಇಲಾಖೆಯವರು ಬಂದಾಗ ಪರದೆಯ ಹತ್ತಿರ ಬೀಡಿ ಸೇದುತ್ತ ಕೂತಿದ್ದವರು ನೀವು. ಯಾರದೆಂದು ನನ್ನನ್ನು ಕೇಳಿದರು.

"ನನಗೇನ್ ಗೊತ್ರಿ. ಕಾಕಾನೇ ಇಲ್ಲಿ ಇರ್ತಾರ."

ಅಷ್ಟೇ ಮಾತು. ನಿಮ್ಮ ಲೈಸೆನ್ಸ್ ಹೋಯಿತು. ನನಗೆ ಬಲೆ ಹೆಣೆಯಲು ಕಲಿಸಿದ ಕೈ ಬಸವಕಲ್ಯಾಣದ ಹೋಟೆಲಿನಲ್ಲಿ ವರ್ಷಗಟ್ಟಲೆ ಕಪ್ಪು-ಬಸಿ ತೊಳೆಯಿತು. ನಾನು ಅಲ್ಲಿಗೆ ಚಹಾಕ್ಕೆ ಬಂದಾಗಲೆಲ್ಲ ನೀವು, "ಮೀನ ಬರಾಕತ್ತಾವೇನವ್ವಾ?" ಎಂದು ಕೇಳುತ್ತಿದ್ದಿರಿ. ಬರುತ್ತಿರಲಿಲ್ಲ. ಮರಿಗಳನ್ನೇ ಬಾಚಿದ ಮೇಲೆ ಎಲ್ಲಿಂದ ಬರಬೇಕು?

ಕೊನೆಗೆ ಈ ಬೇಸಿಗೆಯಲ್ಲಿ ಹುಮನಾಬಾದಿನ ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತೆ.

"ಆ ಪರದಿ ನಂದರಿ. ಕಾಕಾಂದು ಏನೂ ತಪ್ಪಿಲ್ಲರಿ. ನನ್ನ ಲೈಸೆನ್ಸ್ ತಗೋರಿ."

"ವಿಚಾರ ಮಾಡವ್ವಾ, ಹೋದ್ರ ಮತ್ತ ಸಿಗಂಗಿಲ್ಲ."

"ಮಾಡೇ ಬಂದೇನ್ರಿ."

ವಿಚಾರಣೆ ನಡೆಯಿತು. ನನ್ನದು ರದ್ದಾಯಿತು, ನಿಮ್ಮದು ನಿಮಗೆ ಬಂತು. ರದ್ದಾದ ದಿನ ಬಸ್ಸಿನಲ್ಲಿ ಚುನಾವಣೆ ಗೆದ್ದವರ ಹಾಗೆ ಎದೆಯುಬ್ಬಿಸಿ ಕೂತಿದ್ದೆ. ನಾಚಿಕೆ ಬಿಟ್ಟವಳು ಎನ್ನಿ, ಸರಿ — ಆದರೆ ಗೆದ್ದದ್ದು ನಿಜ ಕಾಕಾ, ನನ್ನ ಹೇಡಿತನದ ಮೇಲೆ ಗೆದ್ದೆ. ಆ ಖುಷಿ ಇನ್ನೂ ಇಳಿದಿಲ್ಲ.

ಈ ಮಳೆಗಾಲ ಕೋಡಿಗೆ ಅಡ್ಡ ಏನೂ ಇರಲಿಲ್ಲ. ಮೀನು ನೀರಿಗೆದುರಾಗಿ ಜಿಗಿಯುವುದನ್ನು ಹುಚ್ಚಿಯ ಹಾಗೆ ನಗುತ್ತ ನೋಡಿದೆ. ಕೆರೆ ಈಗ ಮರಿಗಳಿಂದ ಕುದಿಯುತ್ತಿದೆ.

ಲೈಸೆನ್ಸ್ ಯಾಕೆ ವಾಪಸ್ ಬಂತೆಂದು ನಿಮಗೆ ಯಾರೂ ಹೇಳಿಲ್ಲ. ನಾನೇ ಹೇಳುತ್ತೇನೆ ಎಂದು ಸಾಹೇಬರಲ್ಲಿ ಕೇಳಿಕೊಂಡಿದ್ದೆ. ಮಳೆಗಾಲ ಮುಗಿಯಿತು; ನಾಳೆ ನೀವು ಬಲೆ ಹೊತ್ತು ದಂಡೆಗೆ ಬರುವಾಗ ನಾನು ಅಲ್ಲಿರುತ್ತೇನೆ. ಬೈಯಿರಿ, ಮುಖ ತಿರುಗಿಸಿ — ನಿಮ್ಮ ಇಷ್ಟ. ನೀವು ಬಲೆ ಬೀಸುವುದನ್ನು ನೋಡದೆ ನಾನು ಮಾತ್ರ ಕದಲುವುದಿಲ್ಲ.