ಒಂದೆಲಗದ ತಂಬುಳಿಯೂ ಇಸ್ನೋಫಿಲಿಯಾವೂ

ನಮ್ಮ ಬಚ್ಚಲ ನೀರು ಹರಿದು ಹೋಗುವ ಜಾಗದಲ್ಲಿ ಬೆಳೆದಷ್ಟು ಹುಲುಸಾದ ಒಂದೆಲಗ ಶಿರಸಿ ಪೇಟೆಯಲ್ಲಿ ಇನ್ನೆಲ್ಲೂ ಇರಲಾರದು. ಬಿತ್ತದೆ, ನೀರೆರೆಯದೆ ತಾನಾಗಿ ಹಬ್ಬಿದ ಆ ದುಂಡು ಎಲೆಗಳನ್ನು ನನ್ನ ಅತ್ತೆ ದಿನವೂ ಬೆಳಗ್ಗೆ ಹಿಡಿಯಷ್ಟು ಚಿವುಟಿ ತಂದು, ಕಾಯಿತುರಿ, ಜೀರಿಗೆಯ ಜೊತೆ ಹಸಿಯಾಗಿಯೇ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದರು. ನೆನಪಿನ ಶಕ್ತಿಗೆ, ಕಣ್ಣುರಿಗೆ, ಬಾಯಿಹುಣ್ಣಿಗೆ, ಅವರ ಪ್ರಕಾರ ಒಂದೆಲಗಕ್ಕೆ ಆಗದ ಕೆಲಸವಿಲ್ಲ. ನನ್ನ ಗಂಡ ತಂಬುಳಿಯೆಂದರೆ ಮಾರು ದೂರ, ಹಾಗಾಗಿ ಉಣ್ಣುವವರು ನಾವಿಬ್ಬರೇ.

ಕಳೆದ ವರ್ಷ ನನಗೆ ಕೆಮ್ಮು ಅಂಟಿಕೊಂಡಿತು. ಬಾಯಿಯಿಂದಲೇ ಬದುಕುವ ಕನ್ನಡ ಮೇಷ್ಟ್ರಮ್ಮ ನಾನು, ಒಂದು ಪದ್ಯ ಓದಿ ಮುಗಿಸಲು ಮೂರು ಸಲ ನಿಲ್ಲಬೇಕಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ, ಐದಾರರೊಳಗೆ ಇರಬೇಕಾದ ಇಯೋಸಿನೋಫಿಲ್ ಎಂಬ ಬಿಳಿ ಕಣ ನೂರಕ್ಕೆ ಹದಿನೆಂಟು. ನಮ್ಮ ಕಡೆ ಇಸ್ನೋಫಿಲಿಯಾ ಎಂದೊಡನೆ ಎಲ್ಲರೂ ವೈದ್ಯರೇ. ಯಲ್ಲಾಪುರದಲ್ಲಿರುವ ನನ್ನ ತಂಗಿ ನಮ್ಮ ಮನೆ ಹತ್ತಿರದ ಮರ ಕೊಯ್ಯುವ ಮಿಲ್ಲಿನ ಹೊಟ್ಟಿನ ಧೂಳನ್ನು ದೂರಿದಳು. ದಾಸನಕೊಪ್ಪದಿಂದ ಬರುವ ಸಹೋದ್ಯೋಗಿ, "ಮೊದ್ಲು ಆ ಸೀಮೆಸುಣ್ಣ ಬಿಡ್ರಿ ಮೇಡಮ್ಮರ" ಎಂದರು. ಅತ್ತೆ ಮಾತ್ರ ತಂಬುಳಿಗೆ ಇನ್ನೊಂದು ಹಿಡಿ ಎಲೆ ಹೆಚ್ಚು ಹಾಕಿದರು.

ನನಗೋ ಕೆಮ್ಮಿಗಿಂತ ಕುತೂಹಲ ಜೋರಾಯಿತು. ಓದುತ್ತ ಹೋದೆ. ಬಣ್ಣ ಹಾಕಿ ನೋಡಿದಾಗ ಒಡಲ ತುಂಬ ಕೆಂಪು ಕಾಳು ತೋರಿಸುವ ಈ ಕಣ, ನುಂಗಲಾಗದಷ್ಟು ದೊಡ್ಡ ಶತ್ರು, ಅಂದರೆ ಹುಳದ ಮರಿ, ಸಿಕ್ಕರೆ ಮೈಗೆ ಅಂಟಿ ನಿಂತು ತನ್ನ ಕಾಳುಗಳ ವಿಷವನ್ನೇ ಅದರ ಮೇಲೆ ಸುರಿಯುತ್ತದಂತೆ. ಉಬ್ಬಸವಿದ್ದವರಲ್ಲಿ, ಒಗ್ಗದ ಔಷಧಿ ತಿಂದವರಲ್ಲಿ, ಅಪರೂಪಕ್ಕೆ ರಕ್ತದ್ದೇ ಕಾಯಿಲೆಯಿದ್ದವರಲ್ಲಿ ಕೂಡ ಇದು ಏರುತ್ತದೆ. ಬರೀ ಧೂಳನ್ನು ಕಳ್ಳನೆಂದು ತಿಳಿದು ಮನೆಯವರ ಮೇಲೇ ಹಾರುವ ನಾಯಿಯಂತೆ, ಶ್ವಾಸಕೋಶವನ್ನೇ ಕೆರಳಿಸುವುದೂ ಉಂಟು. ನನ್ನೊಳಗಿನ ಈ ಕಾವಲುಗಾರ ಯಾರನ್ನು ಕಂಡು ಬೊಗಳುತ್ತಿದ್ದಾನೆ ಎಂಬುದೇ ನನ್ನ ಪ್ರಶ್ನೆಯಾಯಿತು.

ಮಲಪರೀಕ್ಷೆಯಲ್ಲಿ ಉತ್ತರ ಸಿಕ್ಕಿತು: ಹುಳದ ಮೊಟ್ಟೆ. ಡಾಕ್ಟರು, "ಹಸಿ ಸೊಪ್ಪು ತಿಂತೀರಾ? ಎಲ್ಲಿಂದ ತರ್ತೀರಿ?" ಎಂದು ಕೇಳಿದರು. ಬಚ್ಚಲ ಹಿಂದಿನಿಂದ ಎಂದೆ. ಪಕ್ಕದಲ್ಲೇ ಪಾಯಖಾನೆ ಗುಂಡಿ ಇದೆ, ಮಳೆಗಾಲದಲ್ಲಿ ಅದು ತುಳುಕುತ್ತದೆ ಎಂಬುದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಸೊಪ್ಪಿನಲ್ಲಿ ಒಳಹೊಕ್ಕ ಮೊಟ್ಟೆಯ ಮರಿಗಳು ಶ್ವಾಸಕೋಶ ಹಾದು ಹೋಗುವಾಗ ಹೀಗೆ ಕೆಮ್ಮು ಬರುತ್ತದೆ ಎಂದರು. ಅತ್ತೆ ಎಲೆಯನ್ನು ಒಮ್ಮೆ ನೀರಲ್ಲಿ ಅದ್ದಿ ತೆಗೆಯುತ್ತಿದ್ದುದು ನನಗೆ ಗೊತ್ತಿತ್ತು. "ಹೆಚ್ಚು ತೊಳದ್ರೆ ಸತ್ವ ಎಲ್ಲ ನೀರಿಗೇ ಹೋಗ್ತು" ಎನ್ನುತ್ತಿದ್ದರು.

ಹುಳದ ಮಾತ್ರೆ ನುಂಗಿದೆ, ಕೆಮ್ಮು ಇಳಿಯಿತು. ಆದರೆ ಇದನ್ನು ಅತ್ತೆಗೆ ಹೇಗೆ ಹೇಳುವುದು? ಮದುವೆಯಾಗಿ ಬಂದಂದಿನಿಂದ ಅವರು ನನ್ನ ಮೇಲಿಟ್ಟ ಅಕ್ಕರೆಯೆಲ್ಲ ಆ ಬಟ್ಟಲಲ್ಲೇ ಇತ್ತು. ನಿಮ್ಮ ಮದ್ದೇ ನನಗೆ ರೋಗ ತಂದಿತು ಎನ್ನಲು ನಾಲಗೆ ಏಳಲಿಲ್ಲ. ಮೂರು ದಿನ ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ತಂಬುಳಿ ತಪ್ಪಿಸಿದೆ. ನಾಲ್ಕನೆಯ ದಿನ ಅವರು ಬಟ್ಟಲು ಮುಂದಿಟ್ಟಾಗ ಹೇಳಿಯೇಬಿಟ್ಟೆ.

"ಅತ್ತೆ, ಆ ಜಾಗದ ಒಂದೆಲಗ ಇನ್ನು ಬ್ಯಾಡ. ಹುಳದ ಮೊಟ್ಟೆ ಅದರಿಂದ್ಲೇ ಬಂತಡ."

ಅತ್ತೆ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಸಿಟ್ಟಾಗಲಿಲ್ಲ, ಅಳಲೂ ಇಲ್ಲ. "ಹಂಗಾರೆ ಆನೂ ಅದನ್ನೇ ಉಂಡಿದ್ದೆ ಅಲ್ದಾ?" ಎಂದರು. "ನೀ ಉಳಿಸಿದ್ದನ್ನೂ ಆನೇ ಕುಡೀತಿದ್ದೆ. ಚೆಲ್ಲಲೆ ಮನಸ್ ಬತ್ತಿಲ್ಲೆ."

ಆರು ತಿಂಗಳಿಂದ ಅತ್ತೆ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದರು, ನಾವು ವಯಸ್ಸಾಯಿತು ಎಂದು ಸುಮ್ಮನಿದ್ದೆವು. ಒಂದು ಕಣದ ಜಾತಕವನ್ನೆಲ್ಲ ಜಾಲಾಡಿದ ನಾನು, ಎದುರಿಗೆ ಕೂತು ಉಣ್ಣುವವರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

ಮಾರನೆಯ ದಿನ ಅವರ ರಕ್ತ ಕೊಡಿಸಿದೆ. ಸಂಜೆ ಬಂದ ಕಾಗದದಲ್ಲಿ ಇಪ್ಪತ್ತಾರು ಎಂದಿತ್ತು, ರಕ್ತವೂ ಕಡಿಮೆ. ಅತ್ತೆ ಕನ್ನಡಕ ಏರಿಸಿ, "ನಿಂಗೆ ಎಷ್ಟಿತ್ತು?" ಎಂದು ಕೇಳಿದರು. ಹದಿನೆಂಟು ಎಂದೆ. ಅವರು ಆ ಕಾಗದವನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು, "ಸದ್ಯ, ನಿಂಗೆ ಕಮ್ಮಿ ಬಂತು" ಎಂದರು.